ಐಸಿಯುನಲ್ಲಿರುವ ಮಗುವಿಗೆ ಆ್ಯಂಟಿಬಯೋಟಿಕ್: ಒಂದು ಗಂಟೆ, ಎರಡು ದಿನ, ಒಂದು ಎಂಎಲ್ ರಕ್ತ

2025ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಂದು ವರದಿ ಬಂತು. 2023ರಲ್ಲಿ ಲ್ಯಾಬ್‌ನಲ್ಲಿ ಖಚಿತವಾದ ಬ್ಯಾಕ್ಟೀರಿಯಾ ಸೋಂಕುಗಳಲ್ಲಿ ಆರಕ್ಕೆ ಒಂದು ಆ್ಯಂಟಿಬಯೋಟಿಕ್‌ಗೆ ಬಗ್ಗದ ಸೋಂಕು ಎಂದು ಅದು ಹೇಳಿತು. ಅದು ಇಡೀ ಜಗತ್ತಿನ ಲೆಕ್ಕ. ಭಾರತ ಸೇರಿರುವ ಆಗ್ನೇಯ ಏಷ್ಯಾ ವಲಯದಲ್ಲಿ ಮೂರಕ್ಕೆ ಒಂದು. ಅದೇ ವರ್ಷ ಏಪ್ರಿಲ್‌ನಲ್ಲಿ ವಿಯೆನ್ನಾದಲ್ಲಿ ನಡೆದ ವೈದ್ಯರ ಸಮ್ಮೇಳನವೊಂದರಲ್ಲಿ ಇನ್ನೊಂದು ಲೆಕ್ಕ ಮಂಡನೆಯಾಯಿತು. 2022ರಲ್ಲಿ ಸತ್ತ 30 ಲಕ್ಷಕ್ಕೂ ಹೆಚ್ಚು ಮಕ್ಕಳ ಸಾವಿಗೂ ಇಂಥ ಬಗ್ಗದ ಸೋಂಕಿಗೂ ನಂಟಿದೆ ಎಂಬುದು ಅದರ ಅಂದಾಜು. ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇದೇ ಸಮಸ್ಯೆಗೆ ತನ್ನ ಎರಡನೇ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಹೊರತಂದಿತು.

ಇದನ್ನೆಲ್ಲ ಓದಿದ ಮೇಲೆ, ಮಗುವನ್ನು ಅಡ್ಮಿಟ್ ಮಾಡಿ ಐಸಿಯು ಹೊರಗೆ ಕೂತಿರುವ ಮನೆಯವರಿಗೆ ತಲೆ ಕೆಡುವುದು ಸಹಜ ಅಲ್ವಾ? ಪೇಪರ್ ತೆಗೆದರೆ ಆ್ಯಂಟಿಬಯೋಟಿಕ್ ಸುಮ್ನೆ ಕೊಡಬೇಡಿ ಎಂದಿರುತ್ತದೆ. ಇಲ್ಲಿ ನೋಡಿದರೆ ಹುಟ್ಟಿ ಎರಡು ದಿನವಾದ ಹಸುಗೂಸಿನ ಕೈಗೆ ಸೂಜಿ ಹಾಕಿ, ಒಂದಲ್ಲ ಎರಡು ಆ್ಯಂಟಿಬಯೋಟಿಕ್ ಹತ್ತಿಸುತ್ತಿದ್ದಾರೆ. ಅದೂ ಯಾವ ರಿಪೋರ್ಟೂ ಬರುವ ಮೊದಲೇ. ಹಾಗಾದರೆ ಡಾಕ್ಟರ್ ಮಾಡುತ್ತಿರುವುದು ತಪ್ಪಾ?

ತಪ್ಪಲ್ಲ. ತೀವ್ರ ಸೋಂಕಿನ ಮಗುವಿಗೆ ರಿಪೋರ್ಟ್ ಬರುವ ಮೊದಲೇ ಔಷಧಿ ಶುರು ಮಾಡಲೇಬೇಕು. ತೊಂದರೆ ಇರುವುದು ಶುರು ಮಾಡಿದ್ದರಲ್ಲಿ ಅಲ್ಲ, ಶುರು ಮಾಡುವ ಮುಂಚಿನ ಐದು ನಿಮಿಷದಲ್ಲಿ ಮತ್ತು ಶುರು ಮಾಡಿದ ನಂತರದ ಎರಡು ದಿನದಲ್ಲಿ. ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ಈ ಭಾಗವೇ ಬಿಟ್ಟುಹೋಗುತ್ತಿದೆ.

ಒಂದು ಗಂಟೆಯ ಲೆಕ್ಕ

ನಂಜು ಅಂತ ನಾವು ಹೇಳುತ್ತೇವಲ್ಲ, ಡಾಕ್ಟರ್‌ಗಳು ಅದನ್ನೇ ಸೆಪ್ಸಿಸ್ ಎನ್ನುತ್ತಾರೆ. ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದಾಗ, ಅಥವಾ ಒಂದು ಕಡೆಯ ಸೋಂಕಿಗೆ ಇಡೀ ದೇಹ ಅತಿಯಾಗಿ ಪ್ರತಿಕ್ರಿಯಿಸಿದಾಗ, ರಕ್ತನಾಳಗಳು ಸಡಿಲವಾಗುತ್ತವೆ, ಬಿಪಿ ಇಳಿಯುತ್ತದೆ, ಕಿಡ್ನಿ, ಶ್ವಾಸಕೋಶ, ಮಿದುಳಿಗೆ ಸಾಕಷ್ಟು ರಕ್ತ ಹೋಗುವುದಿಲ್ಲ. ದೊಡ್ಡವರಲ್ಲಿ ಇದು ಒಂದೆರಡು ದಿನ ತೆಗೆದುಕೊಳ್ಳಬಹುದು. ನವಜಾತ ಶಿಶುವಿನಲ್ಲಿ ಬೆಳಿಗ್ಗೆ ಹಾಲು ಕುಡಿಯದ ಕೂಸು ಸಂಜೆಯೊಳಗೆ ವೆಂಟಿಲೇಟರ್‌ಗೆ ಹೋಗಬಹುದು.

ಅದಕ್ಕೇ ಮಕ್ಕಳ ಸೆಪ್ಸಿಸ್ ಬಗ್ಗೆ 2020ರಲ್ಲಿ ಬಂದ ಅಂತಾರಾಷ್ಟ್ರೀಯ ಮಾರ್ಗಸೂಚಿ ಒಂದು ಗಡುವು ಹಾಕಿತು. ಮಗು ಶಾಕ್‌ನಲ್ಲಿದ್ದರೆ, ಅಂದರೆ ಕೈಕಾಲು ತಣ್ಣಗಾಗಿ ರಕ್ತಸಂಚಾರ ಕುಸಿದಿದ್ದರೆ, ಗುರುತಿಸಿದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಕೊಡಬೇಕು. ಶಾಕ್ ಇಲ್ಲದಿದ್ದರೂ ಅಂಗಗಳಿಗೆ ಏಟು ಬಿದ್ದ ಸೂಚನೆ ಇದ್ದರೆ ಮೂರು ಗಂಟೆಯೊಳಗೆ. ಈ ಎರಡನೇ ಮಾತನ್ನು ಗಮನಿಸಬೇಕು. ಜ್ವರ ಬಂದ ಪ್ರತಿ ಮಗುವಿಗೂ ಓಡಿ ಹೋಗಿ ಇಂಜೆಕ್ಷನ್ ಕೊಡಿ ಅಂತ ಅದು ಹೇಳಿಲ್ಲ. ಶಾಕ್ ಇಲ್ಲದ ಮಗುವಿನಲ್ಲಿ ಇದು ನಿಜಕ್ಕೂ ಬ್ಯಾಕ್ಟೀರಿಯಾವಾ, ವೈರಸ್ಸಾ ಅಂತ ನೋಡುವುದಕ್ಕೆ ಒಂದಿಷ್ಟು ಹೊತ್ತು ಕೊಟ್ಟಿದೆ.

ಇದಕ್ಕಿಂತ ಸರಳವಾದ ಒಂದು ವ್ಯವಸ್ಥೆ ನಮ್ಮಲ್ಲೇ ಇದೆ. 2014ರಲ್ಲಿ ಕೇಂದ್ರ ಆರೋಗ್ಯ ಇಲಾಖೆ, ಎರಡು ತಿಂಗಳೊಳಗಿನ ಕೂಸಿಗೆ ಸೆಪ್ಸಿಸ್ ಇರಬಹುದು ಎನಿಸಿದರೆ ಹಳ್ಳಿಯ ಉಪಕೇಂದ್ರದ ಎಎನ್ಎಂ ಸಿಸ್ಟರ್‌ಗಳೇ ಜೆಂಟಾಮೈಸಿನ್ ಇಂಜೆಕ್ಷನ್ ಮತ್ತು ಅಮಾಕ್ಸಿಸಿಲಿನ್ ಸಿರಪ್ ಕೊಡಬಹುದು ಎಂದು ಅನುಮತಿ ಕೊಟ್ಟಿತು. ಉಪಕೇಂದ್ರದಿಂದ ದೊಡ್ಡ ಆಸ್ಪತ್ರೆಗೆ ದಾರಿ ದೂರ. ಆಂಬುಲೆನ್ಸ್ ಬರುವವರೆಗೆ ಕಾಯುತ್ತಾ ಕೂರುವುದಕ್ಕಿಂತ ಮೊದಲ ಡೋಸ್ ಬಿದ್ದರೆ ಮಗು ಬದುಕುವ ಸಾಧ್ಯತೆ ಜಾಸ್ತಿ. ಅಂದರೆ, ಬೇಗ ಕೊಡುವುದು ಯಾರದೋ ಆತುರವಲ್ಲ, ಲೆಕ್ಕ ಹಾಕಿ ಮಾಡಿದ ತೀರ್ಮಾನ.

ಬಾಟಲಿಯೊಳಗೆ ಏನಾಗುತ್ತದೆ

ಈಗ ಆ ಐದು ನಿಮಿಷಕ್ಕೆ ಬರೋಣ. ಮೊದಲ ಡೋಸ್ ಕೊಡುವ ಮುಂಚೆ ಬ್ಲಡ್ ಕಲ್ಚರ್‌ಗೆ, ಅಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯಾ ಎಂದು ಬೆಳೆಸಿ ನೋಡುವ ಪರೀಕ್ಷೆಗೆ, ರಕ್ತ ತೆಗೆಯಬೇಕು. ಕೇಳುವುದಕ್ಕೆ ಸುಲಭ. ಒಂದೂವರೆ ಕೆ.ಜಿ. ತೂಕದ ಕೂಸಿನ ಪಕ್ಕ ನಿಂತು ನೋಡಿದರೆ ಸುಲಭ ಅಲ್ಲ. ಅದರ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 130 ಎಂಎಲ್, ಒಂದು ಚಿಕ್ಕ ಲೋಟದಷ್ಟು. ರಕ್ತನಾಳ ದಾರದ ಹಾಗೆ. ವಾರ್ಮರ್ ದೀಪದ ಕೆಳಗೆ ಒಬ್ಬ ಸಿಸ್ಟರ್ ಕೈ ಹಿಡಿದಿರುತ್ತಾರೆ, ಇನ್ನೊಬ್ಬರು ಚರ್ಮವನ್ನು ಒರೆಸಿ, ಅದು ಒಣಗುವವರೆಗೆ ಕಾಯುತ್ತಾರೆ. ಒಣಗುವ ಮೊದಲೇ ಚುಚ್ಚಿದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬಾಟಲಿಗೆ ಸೇರಿ ರಿಪೋರ್ಟ್ ಕೆಡುತ್ತದೆ. ಅಷ್ಟೆಲ್ಲ ಮಾಡಿ ಕನಿಷ್ಠ 1 ಎಂಎಲ್ ರಕ್ತ ಎಳೆಯಬೇಕು. ಅರ್ಧ ಎಂಎಲ್ ಬಂದರೆ ಸಾಕು ಅಂತ ಬಿಟ್ಟರೆ, ರಕ್ತದಲ್ಲಿ ಬ್ಯಾಕ್ಟೀರಿಯಾ ವಿರಳವಾಗಿದ್ದಾಗ ಅದು ಸಿಗದೇ ಹೋಗಬಹುದು.

ಬಾಟಲಿಯೊಳಗೆ ಬ್ಯಾಕ್ಟೀರಿಯಾ ಬೆಳೆಯುವಂಥ ಸಾರು ಇರುತ್ತದೆ. ಲ್ಯಾಬ್‌ನಲ್ಲಿ ಅದನ್ನು ಮೈ ಬಿಸಿಯಷ್ಟೇ ಬಿಸಿ ಇರುವ ಯಂತ್ರದೊಳಗೆ ಇಡುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅದು ಬೆಳೆದು ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ, ಯಂತ್ರ ಅದನ್ನು ಹಿಡಿದು ಸದ್ದು ಮಾಡುತ್ತದೆ. ಸಾಮಾನ್ಯವಾಗಿ 24ರಿಂದ 36 ಗಂಟೆಯೊಳಗೆ ಸುಳಿವು ಸಿಗುತ್ತದೆ. ಆಮೇಲೆ ಗಾಜಿನ ಮೇಲೆ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾರೆ. ನೇರಳೆ ಬಣ್ಣ ಬಂದರೆ ಒಂದು ಗುಂಪು, ಗುಲಾಬಿ ಬಂದರೆ ಇನ್ನೊಂದು. ಇನ್ನೊಂದು ರಾತ್ರಿ ತಟ್ಟೆಯಲ್ಲಿ ಬೆಳೆಸಿ, ಮೇಲೆ ಔಷಧಿ ನೆನೆಸಿದ ಚಿಕ್ಕ ಚಿಕ್ಕ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಯಾವ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ದೊಡ್ಡ ಖಾಲಿ ವೃತ್ತ ಉಳಿಯುತ್ತದೋ ಆ ಔಷಧಿ ಕೆಲಸ ಮಾಡುತ್ತದೆ. ಬಿಲ್ಲೆಯ ಅಂಚಿನವರೆಗೂ ಬೆಳೆದಿದ್ದರೆ ಆ ಔಷಧಿ ದಂಡ. ಮನೆಯವರ ಕೈಗೆ ಬರುವ ರಿಪೋರ್ಟ್‌ನಲ್ಲಿ ಔಷಧಿಯ ಹೆಸರಿನ ಮುಂದೆ ಎಸ್ (ಬಗ್ಗುತ್ತದೆ) ಅಥವಾ ಆರ್ (ಬಗ್ಗುವುದಿಲ್ಲ) ಅಂತ ಒಂದಕ್ಷರ ಇರುತ್ತದಲ್ಲ, ಅದು ಹುಟ್ಟುವುದು ಈ ತಟ್ಟೆಯಲ್ಲಿ.

ಈ ಒಂದಕ್ಷರ ಇಲ್ಲದಿದ್ದರೆ ಏನಾಗುತ್ತದೆ? ಡಾಕ್ಟರ್ ಊಹೆಯ ಮೇಲೆ ಶುರು ಮಾಡಿದ ಔಷಧಿಯನ್ನು ಊಹೆಯ ಮೇಲೇ ಮುಂದುವರಿಸಬೇಕಾಗುತ್ತದೆ. ಮಗು ಚೇತರಿಸಿಕೊಂಡರೆ ಔಷಧಿಯಿಂದಲೇ ಚೇತರಿಸಿತಾ, ಅದಕ್ಕೆ ಸೋಂಕೇ ಇರಲಿಲ್ಲವಾ ಗೊತ್ತಾಗುವುದಿಲ್ಲ. ಚೇತರಿಸದಿದ್ದರೆ ಇನ್ನೂ ಬಲವಾದ ಔಷಧಿಗೆ ಹೋಗುವುದೊಂದೇ ದಾರಿ. ಎರಡೂ ಕಡೆ ಔಷಧಿ ಬಳಕೆ ಏರುತ್ತದೆ.

ಕಲ್ಚರ್ ಕೂಡ ದೇವರ ಮಾತಲ್ಲ, ಅದನ್ನೂ ಹೇಳಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಡೋಸ್ ಬಿದ್ದ ಮೇಲೆ ಜಿಲ್ಲಾ ಆಸ್ಪತ್ರೆಗೆ ಬಂದ ಮಗುವಿನ ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದರೂ ಬೆಳೆಯದೇ ಇರಬಹುದು. ಹೆರಿಗೆ ಹೊತ್ತಿನಲ್ಲಿ ತಾಯಿಗೆ ಆ್ಯಂಟಿಬಯೋಟಿಕ್ ಕೊಟ್ಟಿದ್ದರೂ ಹಾಗೆಯೇ. ಡಾಕ್ಟರ್‌ಗಳು ನೆಗೆಟಿವ್ ರಿಪೋರ್ಟ್ ನೋಡಿ ಔಷಧಿ ನಿಲ್ಲಿಸಲು ಹಿಂಜರಿಯುವುದು ಇದೇ ಕಾರಣಕ್ಕೆ.

ನಮ್ಮ ಕೂಸುಗಳಿಗೆ ತಗಲುವುದು ಬೇರೆ ಬ್ಯಾಕ್ಟೀರಿಯಾ

ಹಳೆಯ ಪಠ್ಯಪುಸ್ತಕದ ಪ್ರಕಾರ ಸೆಪ್ಸಿಸ್ ಎರಡು ಥರ. ಹುಟ್ಟಿದ ಮೂರು ದಿನದೊಳಗೆ ಬಂದರೆ ಅದು ತಾಯಿಯಿಂದ ಬಂದದ್ದು, ಆಮೇಲೆ ಬಂದರೆ ಆಸ್ಪತ್ರೆಯಿಂದ ಬಂದದ್ದು. ಪಶ್ಚಿಮದ ದೇಶಗಳಲ್ಲಿ ಮೊದಲ ಥರದಲ್ಲಿ ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಜಾಸ್ತಿ. ಅದು ಪೆನಿಸಿಲಿನ್ ಜಾತಿಯ ಔಷಧಿಗೆ ಈಗಲೂ ಬಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆಯ್ಕೆಯಾಗಿ ಹೇಳುವ ಆಂಪಿಸಿಲಿನ್ ಜೊತೆ ಜೆಂಟಾಮೈಸಿನ್ ಎಂಬ ಜೋಡಿ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ಅಲ್ಲೇ ಹುಟ್ಟಿ ಎನ್‌ಐಸಿಯು (ನವಜಾತ ಶಿಶುಗಳ ಐಸಿಯು) ಸೇರಿದ 13,500ಕ್ಕೂ ಹೆಚ್ಚು ಶಿಶುಗಳನ್ನು ಹಿಂಬಾಲಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಂಡದ್ದು ಬೇರೆಯೇ ಚಿತ್ರ. ಮುಂದೆ ನಿಂತಿದ್ದು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೋಲಿ. ಇವು ಆಸ್ಪತ್ರೆಯ ಸಿಂಕ್, ನೀರು, ಸಕ್ಷನ್ ಟ್ಯೂಬ್, ಕೈಗಳ ಮೂಲಕ ಓಡಾಡುವಂಥವು. ಮೂರನೇ ಎರಡು ಭಾಗದಷ್ಟು ಸೆಪ್ಸಿಸ್ ಮೊದಲ 72 ಗಂಟೆಯೊಳಗೇ ಬಂದಿತ್ತು. ಸಿಕ್ಕ ಅಸಿನೆಟೊಬ್ಯಾಕ್ಟರ್‌ಗಳಲ್ಲಿ ನೂರಕ್ಕೆ 82 ಹಲವು ಗುಂಪಿನ ಔಷಧಿಗಳಿಗೆ ಒಟ್ಟಿಗೇ ಬಗ್ಗದವು. ಹುಟ್ಟಿ ಮೂರು ದಿನವೂ ಆಗದ, ಜೀವಮಾನದಲ್ಲಿ ಒಂದು ಡೋಸ್ ಆ್ಯಂಟಿಬಯೋಟಿಕ್ ಕೂಡ ತೆಗೆದುಕೊಂಡಿರದ ಕೂಸುಗಳೂ ಇದರಲ್ಲಿದ್ದವು!

ಇದನ್ನು ಇನ್ನೊಮ್ಮೆ ಹೇಳಬೇಕು ಅನಿಸುತ್ತದೆ. ಯಾಕೆಂದರೆ ಔಷಧಿಗೆ ಬಗ್ಗದ ಸೋಂಕು ಅಂದ ಕೂಡಲೇ ನಾವು ರೋಗಿಯತ್ತ ಬೆರಳು ತೋರಿಸುತ್ತೇವೆ. ಕೋರ್ಸ್ ಮುಗಿಸಲಿಲ್ಲ, ಅಂಗಡಿಯಲ್ಲಿ ತಾನೇ ಕೊಂಡು ನುಂಗಿದ, ಅಂತ. ಈ ಕೂಸುಗಳು ಏನು ಮಾಡಿದ್ದವು? ಬೇರೆಯವರು ಬಳಸಿದ ಔಷಧಿಯ ಫಲ ಹೆರಿಗೆ ಕೋಣೆಯಲ್ಲಿ, ಒಂದೇ ವಾರ್ಮರ್‌ನಲ್ಲಿ ಎರಡು ಮಕ್ಕಳನ್ನು ಮಲಗಿಸಿದ ವಾರ್ಡ್‌ನಲ್ಲಿ ಇವರಿಗೆ ತಗಲುತ್ತದೆ.

ಮೆಟ್ಟಿಲು ಮೆಟ್ಟಿಲಾಗಿ ಮೇಲೆ

ಬ್ಯಾಕ್ಟೀರಿಯಾ ಬಗ್ಗದಂತಾಗುವುದು ಹೇಗೆ? ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಯಾವುದೋ ಒಂದಕ್ಕೆ ಔಷಧಿಯನ್ನು ತುಂಡರಿಸುವ ಕಿಣ್ವ ಮಾಡುವ ಜೀನ್ ಇರುತ್ತದೆ. ಔಷಧಿ ಬಿದ್ದಾಗ ಉಳಿದವು ಸಾಯುತ್ತವೆ, ಇದು ಉಳಿಯುತ್ತದೆ, ಖಾಲಿಯಾದ ಜಾಗದಲ್ಲಿ ಇದರ ಸಂತತಿಯೇ ತುಂಬಿಕೊಳ್ಳುತ್ತದೆ. ಕ್ಲೆಬ್ಸಿಯೆಲ್ಲಾ ಥರದವುಗಳಲ್ಲಿ ಈ ಜೀನ್ ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರದ ಮೇಲಿರುತ್ತದೆ. ಆ ಉಂಗುರವನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ, ಬೇರೆ ಜಾತಿಯದಕ್ಕೂ, ನಕಲು ಮಾಡಿ ಕೊಡಬಲ್ಲದು. ಒಂದೇ ಉಂಗುರದಲ್ಲಿ ನಾಲ್ಕೈದು ಔಷಧಿ ತಡೆಯುವ ಜೀನ್‌ಗಳು ಸಾಲಾಗಿ ಕೂತಿರುವುದೂ ಉಂಟು.

ಹೀಗಾದಾಗ ಆಸ್ಪತ್ರೆಗಳು ಮಾಡಿದ್ದೇನು? ಆಂಪಿಸಿಲಿನ್, ಜೆಂಟಾಮೈಸಿನ್ ನಾಟುತ್ತಿಲ್ಲ ಎಂದಾಗ ಸೆಫೋಟಾಕ್ಸಿಮ್, ಅಮಿಕಾಸಿನ್‌ಗೆ ಹೋದರು. ಅದೂ ನಾಟದಾಗ ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್. ಆಮೇಲೆ ಮೆರೊಪೆನೆಮ್. ಅದೂ ಕೈಕೊಟ್ಟಾಗ ಕೊಲಿಸ್ಟಿನ್. ಕೊಲಿಸ್ಟಿನ್ ಅರ್ಧ ಶತಮಾನಕ್ಕೂ ಹಳೆಯ ಔಷಧಿ, ಕಿಡ್ನಿಗೆ ಪೆಟ್ಟು ಕೊಡುತ್ತದೆ ಎಂದು ಒಂದು ಕಾಲದಲ್ಲಿ ಮೂಲೆಗೆ ಸರಿಸಿದ್ದರು. ಬೇರೆ ಗತಿ ಇಲ್ಲದೆ ಮತ್ತೆ ಹೊರತೆಗೆದರು. 2019ರಲ್ಲಿ ಭಾರತ ಕೋಳಿ, ಜಾನುವಾರು ಆಹಾರದಲ್ಲಿ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿದ್ದು ಈ ಕೊನೆಯ ಮೆಟ್ಟಿಲನ್ನಾದರೂ ಉಳಿಸಿಕೊಳ್ಳುವ ಪ್ರಯತ್ನ.

ಪ್ರತಿ ಮೆಟ್ಟಿಲು ಏರುವಾಗಲೂ ಆ ಒಂದು ಮಗುವಿನ ಮಟ್ಟಿಗೆ ತೀರ್ಮಾನ ಸರಿಯೇ ಇರಬಹುದು. ಆದರೆ ಒಮ್ಮೆ ಏರಿದ ವಾರ್ಡ್ ಕೆಳಗೆ ಇಳಿಯುವುದಿಲ್ಲ. ನಾಳೆ ಬರುವ, ಸರಳ ಔಷಧಿಗೇ ಬಗ್ಗುವ ಸೋಂಕಿನ ಮಗುವಿಗೂ ಮೆರೊಪೆನೆಮ್‌ನಿಂದಲೇ ಶುರು. 2018ರಿಂದ 2020ರವರೆಗೆ 11 ದೇಶಗಳ 19 ಆಸ್ಪತ್ರೆಗಳಲ್ಲಿ ಸೆಪ್ಸಿಸ್ ಅನುಮಾನದ 3,200 ಶಿಶುಗಳನ್ನು ಗಮನಿಸಿದ ಅಧ್ಯಯನದಲ್ಲಿ ಭಾರತವೂ ಇತ್ತು. ಅಲ್ಲೆಲ್ಲ ಸೇರಿ 200ಕ್ಕೂ ಹೆಚ್ಚು ಬೇರೆ ಬೇರೆ ಔಷಧಿ ಜೋಡಿಗಳು ಬಳಕೆಯಲ್ಲಿದ್ದವು. ಒಂದೇ ರೋಗಕ್ಕೆ 200 ಚಿಕಿತ್ಸೆ ಅಂದರೆ ಯಾವುದು ಸರಿ ಅಂತ ಯಾರಿಗೂ ಗಟ್ಟಿಯಾಗಿ ಗೊತ್ತಿಲ್ಲ ಎಂದೇ ಅರ್ಥ. ಆ ಶಿಶುಗಳಲ್ಲಿ ನೂರಕ್ಕೆ 11 ಉಳಿಯಲಿಲ್ಲ.

ಇಬ್ಬರ ವಾದದಲ್ಲೂ ಹುರುಳಿದೆ

ಮಕ್ಕಳ ಡಾಕ್ಟರ್‌ಗಳ ಮಾತು ಕೇಳಿ. ನನ್ನ ಮುಂದಿರುವ ಮಗು ಸಾಯುತ್ತಿದೆ, ದೇಶದ ಅಂಕಿಅಂಶ ಕಟ್ಟಿಕೊಂಡು ನಾನೇನು ಮಾಡಲಿ, ನನ್ನ ವಾರ್ಡ್‌ನಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ನನಗೆ ಗೊತ್ತು, ಹಗುರದ ಔಷಧಿ ಕೊಟ್ಟು ಎರಡು ದಿನ ಕಳೆದುಕೊಂಡರೆ ಆಮೇಲೆ ಸರಿಯಾದ ಔಷಧಿ ಕೊಟ್ಟೂ ಪ್ರಯೋಜನ ಇಲ್ಲ, ಮನೆಯವರಿಗೆ ಉತ್ತರ ಹೇಳಬೇಕಾದವರು ನಾವು. ಇದರಲ್ಲಿ ತಪ್ಪು ಹುಡುಕುವುದು ಕಷ್ಟ.

ಲ್ಯಾಬ್‌ನ ಮೈಕ್ರೋಬಯಾಲಜಿಸ್ಟ್‌ಗಳ ವಾದ ಹೀಗಿದೆ. ಶುರು ಮಾಡಿ, ಬೇಡ ಅಂದವರಾರು? ಆದರೆ 48 ಗಂಟೆಗೆ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ, ಮಗು ಹಾಲು ಕುಡಿಯುತ್ತಿದೆ, ಉಸಿರು ಸರಿಯಿದೆ ಅಂದಾಗಲೂ ಏಳು ದಿನ, ಹತ್ತು ದಿನ ಯಾಕೆ ಎಳೆಯುತ್ತೀರಿ? ಮೇಲೆ ಹೇಳಿದ 11 ದೇಶಗಳ ಅಧ್ಯಯನದಲ್ಲಿ ಕಲ್ಚರ್ ಪಾಸಿಟಿವ್ ಬಂದದ್ದು ಐದು ಶಿಶುಗಳಲ್ಲಿ ಒಂದಕ್ಕಿಂತ ಕಡಿಮೆ. ಉಳಿದವರಲ್ಲಿ ಎಷ್ಟೋ ಜನರಿಗೆ ನಿಜವಾದ ಸೋಂಕು ಇರಲಿಕ್ಕಿಲ್ಲ. ಉಸಿರಾಟದ ತೊಂದರೆ, ಸಕ್ಕರೆ ಇಳಿಯುವುದು, ಮೈ ತಣ್ಣಗಾಗುವುದು, ಇವೆಲ್ಲ ಅವಧಿಗೆ ಮುಂಚೆ ಹುಟ್ಟಿದ ಕೂಸಿನಲ್ಲಿ ಸೋಂಕಿಲ್ಲದೆಯೂ ಬರುತ್ತವೆ.

ಬೇಡದ ಔಷಧಿ ಮುಂದಿನ ಪೀಳಿಗೆಗೆ ಮಾತ್ರ ಕೆಟ್ಟದ್ದು ಅಂದುಕೊಳ್ಳಬಾರದು. ಆ ಮಗುವಿಗೇ ಕೆಟ್ಟದ್ದು. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ಒಂದು ಕೆ.ಜಿ.ಗಿಂತ ಕಡಿಮೆ ತೂಕದ, ಕಲ್ಚರ್‌ನಲ್ಲಿ ಏನೂ ಬೆಳೆಯದ 4,000ಕ್ಕೂ ಹೆಚ್ಚು ಶಿಶುಗಳನ್ನು ನೋಡಿತು. ಮೊದಲ ಆ್ಯಂಟಿಬಯೋಟಿಕ್ ಅನ್ನು ಐದು ದಿನ ಅಥವಾ ಅದಕ್ಕಿಂತ ಜಾಸ್ತಿ ಎಳೆದವರಲ್ಲಿ ಕರುಳು ಕೊಳೆಯುವ ಎನ್‌ಇಸಿ ಎಂಬ ಕಾಯಿಲೆ ಮತ್ತು ಸಾವು ಹೆಚ್ಚಿದ್ದವು. ತಾಯಿಯ ಹಾಲಿನಿಂದ ಕರುಳಿನಲ್ಲಿ ನೆಲೆಯಾಗಬೇಕಾದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಔಷಧಿ ಸಾಯಿಸುತ್ತದೆ, ಜಾಗ ಹಿಡಿಯುವುದು ವಾರ್ಡ್‌ನ ಕ್ಲೆಬ್ಸಿಯೆಲ್ಲಾ ಮತ್ತು ಫಂಗಸ್.

ನನಗೆ ಅನಿಸುವುದು, ಇಬ್ಬರೂ ಬೇರೆ ಬೇರೆ ಹೊತ್ತಿನ ಬಗ್ಗೆ ಮಾತಾಡುತ್ತಿದ್ದಾರೆ. ಡಾಕ್ಟರ್ ಮೊದಲ ಗಂಟೆಯ ಬಗ್ಗೆ, ಲ್ಯಾಬ್‌ನವರು ಮೂರನೇ ದಿನದ ಬಗ್ಗೆ. ಇಬ್ಬರನ್ನೂ ಕೂಡಿಸುವ ಕೊಂಡಿ ಆ ಕಲ್ಚರ್ ರಿಪೋರ್ಟ್, ಅದು ಸರಿಯಾದ ಹೊತ್ತಿಗೆ ಕೈಗೆ ಸಿಗದಿದ್ದಾಗ ಜಗಳ ಮಾತ್ರ ಉಳಿಯುತ್ತದೆ. ಶನಿವಾರ ಸಂಜೆ ತೆಗೆದ ರಕ್ತ ಸೋಮವಾರ ಬೆಳಿಗ್ಗೆವರೆಗೆ ಲ್ಯಾಬ್ ಬಾಗಿಲು ಕಾಯುತ್ತಾ ಕೂತರೆ, ಮಾರ್ಗಸೂಚಿಯಲ್ಲಿ 48 ಗಂಟೆ ಅಂತ ಬರೆದು ಏನು ಪ್ರಯೋಜನ?

ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಸಿಗುತ್ತಲೇ ಇಲ್ಲ

ಸುದ್ದಿಯಲ್ಲಿ ಅತಿಬಳಕೆಯ ಮಾತೇ ಜಾಸ್ತಿ. ಆದರೆ 2025ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಭಾರತವೂ ಸೇರಿ ಎಂಟು ದೇಶಗಳ ಲೆಕ್ಕ ತೆಗೆಯಿತು. 2019ರಲ್ಲಿ ಈ ದೇಶಗಳಲ್ಲಿ ಮೆರೊಪೆನೆಮ್ ಜಾತಿಯ ಔಷಧಿಗೂ ಬಗ್ಗದ ಸೋಂಕು ಸುಮಾರು 15 ಲಕ್ಷ ಜನರಿಗೆ ಬಂದಿತ್ತು, ದೊಡ್ಡವರು ಚಿಕ್ಕವರು ಎಲ್ಲ ಸೇರಿ. ಅವರಲ್ಲಿ ಸರಿಯಾದ ಔಷಧಿ ಸಿಕ್ಕಿದ್ದು ನೂರಕ್ಕೆ 7 ಮಂದಿಗೆ ಎಂಬುದು ಅಂದಾಜು. ಭಾರತದಲ್ಲಿ ನೂರಕ್ಕೆ 8ರ ಹತ್ತಿರ. ಉಳಿದವರಿಗೆ ಸೋಂಕು ಯಾವುದೆಂದು ಪತ್ತೆಯಾಗಲಿಲ್ಲ, ಅಥವಾ ಪತ್ತೆಯಾದರೂ ಔಷಧಿ ಇರಲಿಲ್ಲ, ಇಲ್ಲವೇ ಕೊಳ್ಳುವ ಶಕ್ತಿ ಇರಲಿಲ್ಲ.

ಬೀದಿಯಲ್ಲಿ ನೆಗಡಿಗೆ ಅಜಿತ್ರೋಮೈಸಿನ್ ಧಾರಾಳವಾಗಿ ಸಿಗುತ್ತದೆ. ಐಸಿಯುನಲ್ಲಿ ಜೀವ ಉಳಿಸಬೇಕಾದ ಔಷಧಿ ಸಿಗುವುದಿಲ್ಲ. ಈ ಎರಡೂ ಒಂದೇ ದೇಶದ, ಒಂದೇ ಹೊತ್ತಿನ ಸತ್ಯ. ಹಾಗಾಗಿ ‘ಆ್ಯಂಟಿಬಯೋಟಿಕ್ ಕಡಿಮೆ ಮಾಡಿ’ ಎಂಬ ಒಂದೇ ಘೋಷಣೆಯಿಂದ ಕೆಲಸ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಔಷಧಿಗಳನ್ನು ಮೂರು ಗುಂಪು ಮಾಡಿರುವುದು ಇದಕ್ಕೇ. ಎಲ್ಲರಿಗೂ ಸುಲಭವಾಗಿ ಸಿಗಬೇಕಾದವು, ಕಣ್ಣಿಟ್ಟು ಬಳಸಬೇಕಾದವು, ಕೊನೆಗೆ ಅಂತ ಕಾದಿಡಬೇಕಾದವು. ಕಾದಿಡುವುದು ಅಂದರೆ ಬೇಕಾದ ಮಗುವಿಗೂ ಕೊಡದೆ ಇಡುವುದಲ್ಲ.

ಮಕ್ಕಳ ವಿಷಯದಲ್ಲಿ ಇನ್ನೊಂದು ಅನ್ಯಾಯ ಇದೆ. 2000ದಿಂದ ಈಚೆಗೆ ದೊಡ್ಡವರಿಗೆ ಅಂತ ಒಪ್ಪಿಗೆ ಪಡೆದ 40 ಆ್ಯಂಟಿಬಯೋಟಿಕ್‌ಗಳಲ್ಲಿ ನವಜಾತ ಶಿಶುವಿಗೆ ಎಷ್ಟು ಡೋಸ್ ಅಂತ ಲೇಬಲ್‌ನಲ್ಲಿ ಬರೆದಿರುವುದು ನಾಲ್ಕರಲ್ಲಿ ಮಾತ್ರ ಎಂದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಲೆಕ್ಕ ಕೊಡುತ್ತಾರೆ. ಕೂಸಿನ ಕಿಡ್ನಿ, ಲಿವರ್ ದಿನದಿಂದ ದಿನಕ್ಕೆ ಬದಲಾಗುತ್ತವೆ. ಮೂರನೇ ದಿನದ ಡೋಸ್ ಮೂವತ್ತನೇ ದಿನಕ್ಕೆ ಸಾಲದು. ದೊಡ್ಡವರ ಡೋಸನ್ನು ತೂಕಕ್ಕೆ ಭಾಗಿಸಿ ಕೊಡುವುದಕ್ಕೆ ಆಗುವುದಿಲ್ಲ. ಆದರೂ ಅಷ್ಟು ಚಿಕ್ಕ ಮಕ್ಕಳ ಮೇಲೆ ಪ್ರಯೋಗ ನಡೆಸುವುದು ಕಷ್ಟ, ದುಬಾರಿ, ಮಾರಾಟ ಕಡಿಮೆ. ಕಂಪನಿಗಳು ಹಿಂದೆ ಸರಿಯುತ್ತವೆ. ಭಾರತದಲ್ಲಿ ಮೆರೊಪೆನೆಮ್ ಜಾತಿಯ ಔಷಧಿಯನ್ನೂ ತುಂಡರಿಸುವ ಎನ್‌ಡಿಎಂ ಎಂಬ ಕಿಣ್ವ ಮಾಡುವ ಬ್ಯಾಕ್ಟೀರಿಯಾ ಸಾಮಾನ್ಯ, ಅದರ ವಿರುದ್ಧ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್‌ನಂಥ ಹೊಸ ಔಷಧಿಯೂ ಒಂಟಿಯಾಗಿ ನಾಟುವುದಿಲ್ಲ, ಜೊತೆಗೆ ಅಜ್ಟ್ರಿಯೋನಾಮ್ ಎಂಬ ಇನ್ನೊಂದು ಔಷಧಿ ಬೇಕು.

ಸತ್ತವರು ಜಾಸ್ತಿಯಾದರಾ, ಕಡಿಮೆಯಾದರಾ?

ಇನ್ನೊಂದು ಗೊಂದಲ ಬಗೆಹರಿಸೋಣ. ವಿಯೆನ್ನಾದ ಲೆಕ್ಕ 30 ಲಕ್ಷ ಮಕ್ಕಳು ಎನ್ನುತ್ತದೆ. 2024ರಲ್ಲಿ ಬಂದ ಜಾಗತಿಕ ಅಧ್ಯಯನ, ಔಷಧಿಗೆ ಬಗ್ಗದ ಸೋಂಕಿನಿಂದ ಐದು ವರ್ಷದೊಳಗಿನ ಮಕ್ಕಳ ಸಾವು 1990ರಿಂದ 2021ರ ನಡುವೆ ಅರ್ಧಕ್ಕಿಂತ ಹೆಚ್ಚು ಇಳಿದಿದೆ ಎನ್ನುತ್ತದೆ. ಯಾವುದನ್ನು ನಂಬುವುದು?

ಮೊದಲನೆಯದರಲ್ಲಿ ‘ನಂಟಿದೆ’ ಎಂಬ ಪದ ಮುಖ್ಯ. ಬಗ್ಗದ ಸೋಂಕು ಇದ್ದು ಸತ್ತವರೆಲ್ಲ ಅದರಲ್ಲಿ ಸೇರುತ್ತಾರೆ, ಔಷಧಿ ನಾಟಿದ್ದರೂ ಬಹುಶಃ ಉಳಿಯುತ್ತಿರಲಿಲ್ಲ ಎಂಬಂಥವರೂ ಸಹ. ಔಷಧಿ ನಾಟದ್ದರಿಂದಲೇ ಸತ್ತವರ ಸಂಖ್ಯೆ ಯಾವಾಗಲೂ ಇದಕ್ಕಿಂತ ಬಹಳ ಕಡಿಮೆ. ಎರಡನೆಯದರ ಇಳಿಕೆ ನಿಜವಾದ ಸಾಧನೆ. ಲಸಿಕೆ, ಶುದ್ಧ ನೀರು, ಶೌಚಾಲಯ, ಒಳ್ಳೆಯ ಹೆರಿಗೆ ವ್ಯವಸ್ಥೆಯಿಂದ ಮಕ್ಕಳಿಗೆ ತೀವ್ರ ಸೋಂಕು ಬರುವುದೇ ಕಡಿಮೆಯಾಗಿದೆ. ಆದರೆ ಬಂದ ಸೋಂಕು ಮೊದಲಿಗಿಂತ ಗಟ್ಟಿಯಾಗಿದೆ. ಅಂದರೆ ಸಾವು ಇಳಿದದ್ದು ಸೋಂಕು ತಡೆದದ್ದರಿಂದ, ಚಿಕಿತ್ಸೆ ಉತ್ತಮವಾದದ್ದರಿಂದ ಅಲ್ಲ.

ಈ ಮಾತಿಗೆ ಇನ್ನೊಂದು ಸಾಕ್ಷಿ ಇದೆ. ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳಲ್ಲಿ, 1 ಕೆ.ಜಿ.ಯಿಂದ 1.8 ಕೆ.ಜಿ.ಯೊಳಗಿನ ಕೂಸುಗಳನ್ನು ಹುಟ್ಟಿದ ಕೂಡಲೇ, ಸ್ಥಿರವಾಗುವವರೆಗೆ ಕಾಯದೆ, ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ನೋಡಿದರು. ಅದಕ್ಕಾಗಿ ತಾಯಿಯ ಮಂಚವನ್ನೇ ಎನ್‌ಐಸಿಯು ಒಳಗೆ ತಂದರು. 2021ರಲ್ಲಿ ಫಲಿತಾಂಶ ಬಂದಾಗ ಒಂದು ತಿಂಗಳೊಳಗಿನ ಸಾವು ನೂರಕ್ಕೆ 25ರಷ್ಟು ಕಡಿಮೆಯಾಗಿತ್ತು, ಸೆಪ್ಸಿಸ್ ಕೂಡ ಇಳಿದಿತ್ತು. ಹತ್ತಾರು ಕೈ ಮುಟ್ಟುವ ಬದಲು ಒಬ್ಬ ತಾಯಿಯ ಮೈ, ವಾರ್ಡ್‌ನ ಬ್ಯಾಕ್ಟೀರಿಯಾದ ಬದಲು ತಾಯಿಯ ಬ್ಯಾಕ್ಟೀರಿಯಾ. ಮನೆಯವರನ್ನು ಒಳಗೇ ಬಿಡದ ಎನ್‌ಐಸಿಯುಗಳು ಇದನ್ನು ಗಂಭೀರವಾಗಿ ಯೋಚಿಸಬೇಕು.

ಎಷ್ಟು ದಿನ ಕೊಟ್ಟರೆ ಸಾಕು?

‘ಕೋರ್ಸ್ ಪೂರ್ತಿ ಮುಗಿಸಿ’ ಎಂಬುದು ನಮಗೆ ಬಾಯಿಪಾಠ. ಆದರೆ ಎಷ್ಟು ದಿನಕ್ಕೆ ಪೂರ್ತಿ? ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ನ್ಯುಮೋನಿಯಾದಿಂದ ಆಸ್ಪತ್ರೆಗೆ ಬಂದು ಮನೆಗೆ ಹೊರಟ 800ಕ್ಕೂ ಹೆಚ್ಚು ಮಕ್ಕಳಲ್ಲಿ ಕೆಲವರಿಗೆ ಮೂರು ದಿನ, ಕೆಲವರಿಗೆ ಏಳು ದಿನ ಅಮಾಕ್ಸಿಸಿಲಿನ್ ಕೊಟ್ಟು ನೋಡಿದರು. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ಮೂರು ದಿನದವರು ಹಿಂದೆ ಬೀಳಲಿಲ್ಲ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ 2022ರ ಮಾರ್ಗಸೂಚಿಯಲ್ಲಿ ಅವಧಿ ಕಡಿಮೆ ಮಾಡಲು ಹೇಳಿತು, ಸಣ್ಣ ಜ್ವರಕ್ಕೆ, ವೈರಸ್ ಕೆಮ್ಮಿಗೆ ಆ್ಯಂಟಿಬಯೋಟಿಕ್ ಬೇಡ ಎಂದಿತು.

ಇದನ್ನು ಮಿದುಳು ಪೊರೆಯ ಸೋಂಕಿಗೆ, ರಕ್ತದಲ್ಲಿ ಕ್ಲೆಬ್ಸಿಯೆಲ್ಲಾ ಸಿಕ್ಕ ಕೂಸಿಗೆ ಹಚ್ಚಬಾರದು. ಅಲ್ಲಿ ಎರಡು ವಾರ, ಮೂರು ವಾರ ಬೇಕಾಗಬಹುದು. ಅಲ್ಲಿ ಅರ್ಧಕ್ಕೆ ನಿಲ್ಲಿಸಿದರೆ ಸೋಂಕು ಮರಳಿ ಬರುತ್ತದೆ. ದಿನದ ಲೆಕ್ಕ ಕಾಯಿಲೆಯ ಮೇಲೆ ನಿಂತಿದೆ, ಅದನ್ನು ಮನೆಯವರು ತೀರ್ಮಾನಿಸುವುದಲ್ಲ.

ಮುಂದೆ ಏನಾಗಬಹುದು

ಮೊದಲ ಆಯ್ಕೆಯ ಔಷಧಿ ಬದಲಾಗುವ ಸಾಧ್ಯತೆ ಇದೆ. ಫಾಸ್ಫೊಮೈಸಿನ್, ಫ್ಲೊಮೊಕ್ಸೆಫ್, ಅಮಿಕಾಸಿನ್ ಎಂಬ ಹಳೆಯ ಔಷಧಿಗಳನ್ನೇ ಹೊಸದಾಗಿ ಜೋಡಿ ಮಾಡಿ ನವಜಾತ ಶಿಶುಗಳಲ್ಲಿ ಪರೀಕ್ಷಿಸುವ ದೊಡ್ಡ ಪ್ರಯೋಗ ದಕ್ಷಿಣ ಆಫ್ರಿಕಾ, ಕೀನ್ಯಾದಲ್ಲಿ ಶುರುವಾಗಿದೆ. ಅದು ಗೆದ್ದರೆ ಮೆರೊಪೆನೆಮ್ ಮೇಲಿನ ಭಾರ ಇಳಿಯುತ್ತದೆ. ಸೋತರೆ ಕೊಲಿಸ್ಟಿನ್ ಮೇಲಿನ ಅವಲಂಬನೆ ಇನ್ನೂ ಏರುತ್ತದೆ, ಅಷ್ಟೇ ವೇಗವಾಗಿ ಅದೂ ಸವೆಯುತ್ತದೆ.

ಕಾನೂನಿನ ಕಡೆ ನೋಡಿದರೆ, 2014ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಔಷಧಿಗಳನ್ನು ಅಂಗಡಿಯವರು ಚೀಟಿ ಇಲ್ಲದೆ ಮಾರಬಾರದು, ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ನಿಯಮ ಇದೆ, ಪಾಲನೆ ಊರಿಂದ ಊರಿಗೆ ಬೇರೆ. ಕೇರಳ 2024ರಲ್ಲಿ ಆಪರೇಷನ್ ಅಮೃತ್ ಹೆಸರಿನಲ್ಲಿ ಅಂಗಡಿಗಳ ಮೇಲೆ ತಪಾಸಣೆ ಬಿಗಿ ಮಾಡಿತು. ಆದರೆ ಅಂಗಡಿಗೆ ಬೀಗ ಹಾಕಿದ ಮಾತ್ರಕ್ಕೆ ಎನ್‌ಐಸಿಯು ಸಿಂಕ್‌ನಲ್ಲಿರುವ ಕ್ಲೆಬ್ಸಿಯೆಲ್ಲಾ ಹೋಗುವುದಿಲ್ಲ. ಅದಕ್ಕೆ ಇನ್ನಷ್ಟು ಸಿಸ್ಟರ್‌ಗಳು, ಪ್ರತಿ ಮಗುವಿಗೆ ಬೇರೆ ಸ್ಟೆತಾಸ್ಕೋಪ್, ಇಪ್ಪತ್ತನಾಲ್ಕು ಗಂಟೆ ನೀರು, ರಾತ್ರಿಯೂ ನಡೆಯುವ ಲ್ಯಾಬ್ ಬೇಕು. 2025–29ರ ರಾಷ್ಟ್ರೀಯ ಯೋಜನೆಯ ಬೆಲೆ ತಿಳಿಯುವುದು ಜಿಲ್ಲಾ ಆಸ್ಪತ್ರೆಯಲ್ಲಿ ಇವು ಬಂದವಾ ಇಲ್ಲವಾ ಎಂಬುದರಲ್ಲಿ.

ಹೊರಗೆ ಕೂತವರು ಏನು ಕೇಳಬಹುದು

ಮೊದಲು ಒಂದು ಮಾತು. ಎರಡು ತಿಂಗಳೊಳಗಿನ ಕೂಸು ಹಾಲು ಬಿಟ್ಟರೆ, ಮುಟ್ಟಿದರೆ ಮಾತ್ರ ಅಲ್ಲಾಡಿದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಉಸಿರಾಡಿದರೆ, ಉಸಿರೆಳೆದಾಗ ಎದೆ ಒಳಕ್ಕೆ ಹೋದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಫಿಟ್ಸ್ ಬಂದರೆ, ಮನೆಮದ್ದು ಮಾಡುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಅಲ್ಲಿ ಆ್ಯಂಟಿಬಯೋಟಿಕ್ ಕೊಡುತ್ತೇವೆ ಅಂದರೆ ಬೇಡ ಅನ್ನಬೇಡಿ. ಶುರು ಮಾಡಿದ್ದನ್ನು ನೀವೇ ನಿಲ್ಲಿಸಲೂ ಬೇಡಿ. ಮೊದಲು ತೋರಿಸಿದ ಕಡೆ ಯಾವ ಇಂಜೆಕ್ಷನ್, ಯಾವ ಸಿರಪ್ ಕೊಟ್ಟಿದ್ದರು ಎಂಬ ಚೀಟಿಯನ್ನು ಜೊತೆಗೆ ಒಯ್ಯಿರಿ. ಕಲ್ಚರ್ ರಿಪೋರ್ಟ್ ಓದುವವರಿಗೆ ಅದು ಬಹಳ ಮುಖ್ಯ.

ಆಮೇಲೆ ಡಾಕ್ಟರ್ ರೌಂಡ್ಸ್‌ಗೆ ಬಂದಾಗ ಕೇಳಬಹುದು. ‘ಡಾಕ್ಟ್ರೇ, ಮೊದಲ ಇಂಜೆಕ್ಷನ್‌ಗೆ ಮುಂಚೆ ಕಲ್ಚರ್‌ಗೆ ರಕ್ತ ಕಳಿಸಿದ್ರಾ? ರಿಪೋರ್ಟ್ ಯಾವಾಗ ಬರುತ್ತೆ?’ ಎರಡು ದಿನ ಬಿಟ್ಟು, ‘ರಿಪೋರ್ಟ್‌ನಲ್ಲಿ ಏನು ಬಂತು, ಔಷಧಿ ಬದಲಿಸಬೇಕಾ, ನಿಲ್ಲಿಸಬಹುದಾ?’ ಇದು ಡಾಕ್ಟರ್ ಮೇಲಿನ ಅನುಮಾನ ಅಲ್ಲ. ಒಂದೇ ರಾತ್ರಿ ಹತ್ತಾರು ಮಕ್ಕಳನ್ನು ನೋಡಿ ದಣಿದವರಿಗೆ ಆ ರಿಪೋರ್ಟ್‌ಗೆ ಲ್ಯಾಬ್‌ಗೆ ಫೋನ್ ಮಾಡಲು ನೆನಪಿಸಿದಂತೆ ಆಗುತ್ತದೆ. ಒಳಗೆ ಹೋಗಲು ಬಿಟ್ಟರೆ ಕೈ ತೊಳೆದು, ಒಣಗಿಸಿಕೊಂಡು, ಆಮೇಲೆ ಕೂಸನ್ನು ಮುಟ್ಟಿ. ಎದೆಹಾಲು ಹಿಂಡಿ ಕೊಡಬಹುದಾ, ಎದೆಗೆ ಕಟ್ಟಿಕೊಳ್ಳಬಹುದಾ ಎಂದು ಸಿಸ್ಟರ್ ಹತ್ತಿರ ದಿನಾ ಕೇಳಿ, ಇವತ್ತು ಬೇಡ ಅಂದವರು ನಾಳೆ ಹೂಂ ಅನ್ನಬಹುದು.